ಡಿಗ್ರಿಯ ಮೂರನೇ ಒಂದು ಭಾಗ: ಶಾಖವೂ ಶಕ್ತಿಯೇ ಎಂದು ಗೊತ್ತಾದದ್ದು ಹೇಗೆ

'ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು.' ಶಾಲೆಯ ಭೌತಶಾಸ್ತ್ರದಲ್ಲಿ ಈ ಸಾಲು ಎಷ್ಟು ಸಲೀಸಾಗಿ ಬಂದುಹೋಗುತ್ತದೆಂದರೆ, ಯಾರೋ ಕೂತು ಅಳೆದು ನೋಡಿದ ಮೇಲೆ ಬಂದ ಮಾತಿದು ಎಂಬುದೇ ಮರೆತುಹೋಗುತ್ತದೆ. ನೆಲಕ್ಕೆ ಬಿದ್ದ ಕಲ್ಲಿನ ಚಲನ ಶಕ್ತಿ ಎಲ್ಲಿ ಹೋಯಿತು ಎಂದರೆ 'ಶಾಖವಾಯಿತು' ಎನ್ನುತ್ತೇವೆ. ಸರಿ, ಎಷ್ಟು ಶಾಖ? ಇದಕ್ಕೆ ನಂಬಬಹುದಾದ ಉತ್ತರ ಸಿಕ್ಕಿದ್ದು 1840ರ ದಶಕದಲ್ಲಿ.

ಅಲ್ಲಿಯವರೆಗೆ ಹೆಚ್ಚಿನವರು ಶಾಖವನ್ನು ಒಂದು ವಸ್ತುವೆಂದೇ ತಿಳಿದಿದ್ದರು. 1789ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ ಕೊಟ್ಟ ಮೂಲವಸ್ತುಗಳ ಪಟ್ಟಿಯಲ್ಲಿ ಆಮ್ಲಜನಕದ ಜೊತೆಗೆ 'ಕ್ಯಾಲೊರಿಕ್' ಕೂಡ ಇತ್ತು: ತೂಕವಿಲ್ಲದ, ಬಿಸಿಯಿಂದ ತಣ್ಣನೆಯದಕ್ಕೆ ಹರಿಯುವ ದ್ರವ. ಇದನ್ನು ಓದಿ ನಗುವಂತಿಲ್ಲ. ಬಿಸಿನೀರಿಗೆ ತಣ್ಣೀರು ಬೆರೆಸಿ 'ಒಂದು ಕಳೆದುಕೊಂಡ ಶಾಖ, ಇನ್ನೊಂದು ಪಡೆದ ಶಾಖಕ್ಕೆ ಸಮ' ಎಂದು ಇಂದಿಗೂ ಮಾಡುವ ಲೆಕ್ಕ ಕ್ಯಾಲೊರಿಕ್ ಕಾಲದ್ದೇ, ಉತ್ತರವೂ ಸರಿಯಾಗಿಯೇ ಬರುತ್ತದೆ. ಕ್ಯಾಲೊರಿಕ್ ಎಡವಿದ್ದು ಉಜ್ಜಾಟದಲ್ಲಿ.

ಮ್ಯೂನಿಕ್‌ನಲ್ಲಿ ಫಿರಂಗಿ ತಯಾರಿಕೆಯ ಉಸ್ತುವಾರಿ ವಹಿಸಿದ್ದ ಕೌಂಟ್ ರಮ್‌ಫೋರ್ಡ್ ಬೇಕೆಂದೇ ಮೊಂಡು ಬೈರಿಗೆ ಹಿಡಿಸಿ, ಹಿತ್ತಾಳೆಯ ದಿಮ್ಮಿಯನ್ನು ನೀರಿನ ಪೆಟ್ಟಿಗೆಯೊಳಗೆ ಕೊರೆಸಿದರು. ತಿರುಗಿಸಲು ಕುದುರೆಗಳು. ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು, ಬೆಂಕಿಯಿಲ್ಲದೆ. ಲೋಹ ಚೂರಾಗುವಾಗ ಅದರೊಳಗಿನ ಕ್ಯಾಲೊರಿಕ್ ಹೊರಬಂತೇನೋ ಎಂದು ಆ ಚೂರುಗಳ ವಿಶಿಷ್ಟೋಷ್ಣವನ್ನೂ (ಇಷ್ಟು ತೂಕದ ವಸ್ತುವನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ) ಪರೀಕ್ಷಿಸಿದರು. ಇಡೀ ಲೋಹಕ್ಕೂ ಚೂರಿಗೂ ವ್ಯತ್ಯಾಸ ಕಾಣಲಿಲ್ಲ. ಕುದುರೆ ಸುತ್ತುತ್ತಿರುವಷ್ಟು ಹೊತ್ತೂ ಶಾಖ ಬರುತ್ತಲೇ ಇರುತ್ತದೆ ಎಂದಾದರೆ ಅದು ದಿಮ್ಮಿಯೊಳಗೆ ಕೂಡಿಟ್ಟ ವಸ್ತುವಾಗಿರಲು ಸಾಧ್ಯವಿಲ್ಲ. 1798ರಲ್ಲಿ ಈ ವಾದ ಪ್ರಕಟವಾಯಿತು. ಆದರೂ ಕ್ಯಾಲೊರಿಕ್ ಇನ್ನೂ ನಾಲ್ಕು ದಶಕ ಬದುಕಿತು. ಕುದುರೆಯ ಕೆಲಸಕ್ಕೂ ನೀರಿನ ಬಿಸಿಗೂ ನಡುವೆ ಖಚಿತವಾದ ವಿನಿಮಯ ದರ ಸಿಕ್ಕಿರಲಿಲ್ಲವಲ್ಲ.

ಆ ದರವನ್ನು ಮೊದಲು ಅಚ್ಚು ಮಾಡಿಸಿದವರು ಜರ್ಮನಿಯ ವೈದ್ಯ ಮೇಯರ್, 1842ರಲ್ಲಿ. ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸುವ ಶಾಖ, ಅಷ್ಟೇ ತೂಕ 365 ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸಮ ಎಂದರು. ಇಂದಿನ ಲೆಕ್ಕದಲ್ಲಿ ಅದು ಸುಮಾರು 427 ಮೀಟರ್. ಅನಿಲಗಳ ವಿಶಿಷ್ಟೋಷ್ಣದಿಂದ ಲೆಕ್ಕ ಹಾಕಿದ ಅವರ ದಾರಿ ಸರಿ, ಕೈಗೆ ಸಿಕ್ಕ ಅಂಕಿ-ಅಂಶ ಒರಟು.

ಮ್ಯಾಂಚೆಸ್ಟರ್ ಬಳಿಯ ಬಿಯರ್ ತಯಾರಕರ ಮನೆಯ ಜೇಮ್ಸ್ ಜೂಲ್ ನೇರವಾಗಿ ಅಳೆಯಲು ಹೊರಟರು. 1850ರಲ್ಲಿ ಪ್ರಕಟವಾದ ಪ್ರಯೋಗದ ಸಲಕರಣೆ ಹೀಗಿತ್ತು: ತಾಮ್ರದ ಪಾತ್ರೆಯಲ್ಲಿ ಸುಮಾರು 6 ಕಿಲೋ ನೀರು, ಒಳಗೆ ತಿರುಗುವ ರೆಕ್ಕೆಚಕ್ರ, ನೀರು ಚಕ್ರದ ಜೊತೆಗೇ ಸುತ್ತಿಬಿಡದಂತೆ ಪಾತ್ರೆಯ ಗೋಡೆಗೆ ತಡೆಹಲಗೆ. ಈ ತಡೆಹಲಗೆ ಇಲ್ಲದಿದ್ದರೆ ನೀರು ಗಿರಕಿ ಹೊಡೆಯುತ್ತದೆಯೇ ಹೊರತು ಕಡೆದಂತಾಗುವುದಿಲ್ಲ. ರಾಟೆಗಳ ಮೇಲೆ ಹಾದ ದಾರಕ್ಕೆ ತಲಾ 13 ಕಿಲೋದಷ್ಟು ತೂಕದ ಎರಡು ಸೀಸದ ತೂಕಗಳು. ಅವು ಸುಮಾರು 1.6 ಮೀಟರ್ ನಿಧಾನವಾಗಿ ಇಳಿಯಬೇಕು, ಮತ್ತೆ ಸುತ್ತಿ ಮೇಲೇರಿಸಬೇಕು. ಹೀಗೆ 20 ಸಲ. ಒಟ್ಟು ಕೆಲಸ ಹತ್ತಿರ ಹತ್ತಿರ 8,200 ಜೂಲ್. ಇಷ್ಟೆಲ್ಲ ಮಾಡಿದ ಮೇಲೆ ನೀರು ಬಿಸಿಯಾದದ್ದು ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು!

ಕೋಣೆಗೆ ಒಬ್ಬರು ಬಂದು ನಿಂತರೂ ಕೆಡಬಹುದಾದ ಅಳತೆ ಇದು. ಆದ್ದರಿಂದ ಪ್ರಯೋಗದ ನಿಜವಾದ ಶ್ರಮವೆಲ್ಲ ತಿದ್ದುಪಡಿಗಳಲ್ಲಿತ್ತು. ಚಕ್ರ ತಿರುಗಿಸದೆ ಅಷ್ಟೇ ಹೊತ್ತು ಸುಮ್ಮನೆ ಬಿಟ್ಟು, ಕೋಣೆಯಿಂದ ನೀರಿಗೆ ಬಂದ ಶಾಖವನ್ನು ಬೇರೆಯಾಗಿ ಅಳೆದರು. ರಾಟೆಯ ಘರ್ಷಣೆಯನ್ನು ಕಳೆದರು. ತೂಕ ನೆಲಕ್ಕೆ ತಾಗುವಾಗ ಅದರಲ್ಲಿ ಉಳಿದಿದ್ದ ಚೂರು ವೇಗವನ್ನೂ ಬಿಡಲಿಲ್ಲ. ಕೊನೆಗೆ ಸಿಕ್ಕ ಅಂಕಿ, ಇಂದಿನ ಮಾನದಲ್ಲಿ, ಒಂದು ಗ್ರಾಂ ನೀರಿಗೆ ಒಂದು ಡಿಗ್ರಿಗೆ 4.15 ಜೂಲ್. ನಾವು ಈಗ ಬಳಸುವುದು 4.19, ವ್ಯತ್ಯಾಸ ಶೇಕಡಾ ಒಂದರೊಳಗೆ. ಪಾದರಸದ ಥರ್ಮಾಮೀಟರ್ ಅನಿಲ ಥರ್ಮಾಮೀಟರಿಗೆ ಪೂರ್ತಿ ತಾಳೆಯಾಗುವುದಿಲ್ಲ, ನೀರಿನ ವಿಶಿಷ್ಟೋಷ್ಣವೂ ತಾಪಮಾನದೊಂದಿಗೆ ತುಸು ಬದಲಾಗುತ್ತದೆ ಎಂಬುದನ್ನು ಅಮೆರಿಕದ ರೋಲೆಂಡ್ 1879ರ ಹೊತ್ತಿಗೆ ತೋರಿಸಿದರು.

ಇದೇ ಅಳತೆಯ ಶಾಲಾ ರೂಪ ಸೀಸದ ಗುಂಡಿನ ಕೊಳವೆ. ಒಂದು ಮೀಟರ್ ಉದ್ದ, 3 ಸೆಂಟಿಮೀಟರ್ ಒಳವ್ಯಾಸದ ರಟ್ಟಿನ ಕೊಳವೆಗೆ ಅರ್ಧ ಕಿಲೋ ಸಣ್ಣ ಸೀಸದ ಗುಂಡು ಹಾಕಿ, ಎರಡೂ ತುದಿಗೆ ಬಿರಡೆ ಬಿಗಿದು, 50 ಸಲ ತಲೆಕೆಳಗು ಮಾಡುವುದು. ಸೀಸದ ವಿಶಿಷ್ಟೋಷ್ಣ ಕಿಲೋಗೆ ಡಿಗ್ರಿಗೆ 128 ಜೂಲ್. 'ಬಿದ್ದು ಕಳೆದ ಶಕ್ತಿ, ಪಡೆದ ಶಾಖಕ್ಕೆ ಸಮ' ಎಂಬ ಸಮೀಕರಣದ ಎರಡೂ ಕಡೆ ದ್ರವ್ಯರಾಶಿ ಹೊಡೆದುಹೋಗುವುದರಿಂದ ಗುಂಡನ್ನು ತೂಗಲೇಬೇಕೆಂದಿಲ್ಲ. 50 × 9.8 × 1 ÷ 128 (9.8 ಎಂಬುದು ಗುರುತ್ವ ವೇಗೋತ್ಕರ್ಷ), ಅಂದರೆ 3.8 ಡಿಗ್ರಿ ಏರಬೇಕು. ಏರುವುದಿಲ್ಲ. ಗುಂಡಿನ ರಾಶಿಯೇ 10 ಸೆಂಟಿಮೀಟರ್ ಎತ್ತರ ನಿಂತಿರುತ್ತದೆ. ನಿಜವಾಗಿ ಬೀಳುವುದು 90 ಸೆಂಟಿಮೀಟರ್. ಅಲ್ಲಿಗೆ ಉತ್ತರ 3.4ಕ್ಕೆ ಇಳಿಯಿತು. ಕೊಳವೆಯನ್ನು ನಿಧಾನವಾಗಿ ಹೊರಳಿಸಿದರೆ ಗುಂಡು ಬೀಳುವ ಬದಲು ಗೋಡೆಗುಂಟ ಜಾರಿ ರಟ್ಟನ್ನು ಬಿಸಿಮಾಡುತ್ತದೆ. ಆದ್ದರಿಂದ ಥಟ್ಟನೆ ತಿರುಗಿಸಿ, ನೆಟ್ಟಗೆ ನಿಲ್ಲಿಸಿ, ಗುಂಡು ಬಿದ್ದ ಸದ್ದು ಕೇಳಿದ ಮೇಲೆಯೇ ಮುಂದಿನ ಸಲ. ಹಿಡಿಯುವುದು ಕೊಳವೆಯ ನಡುವೆ. ತುದಿ ಹಿಡಿದರೆ ಅಂಗೈಯ ಬಿಸಿ ಗುಂಡಿಗೆ ಸೇರುತ್ತದೆ. ಇನ್ನೊಂದು ಉಪಾಯ ರಮ್‌ಫೋರ್ಡರದ್ದೇ: ಗುಂಡನ್ನು ಮೊದಲೇ ಕೋಣೆಯ ತಾಪಕ್ಕಿಂತ ಒಂದೂವರೆ, ಎರಡು ಡಿಗ್ರಿ ತಣ್ಣಗೆ ಮಾಡಿಟ್ಟರೆ ಮೊದಲರ್ಧದಲ್ಲಿ ಒಳಬರುವ ಶಾಖವೂ ಕೊನೆಯರ್ಧದಲ್ಲಿ ಹೊರಹೋಗುವ ಶಾಖವೂ ಹೆಚ್ಚುಕಡಿಮೆ ಸರಿತೂಗುತ್ತವೆ. ಬಿರಡೆಗೆ ಹೋದ ಪಾಲು ಮಾತ್ರ ಹೇಗೂ ಹೋಗುತ್ತದೆ.

ಜೂಲ್ ಅವರ ದರ ಒಮ್ಮೆ ಕೈಗೆ ಬಂದ ಮೇಲೆ ಶಕ್ತಿಯ ಮೂಲಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸಬಹುದು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರುವ 314 ಕಿಲೋಜೂಲ್, 50 ಕಿಲೋ ತೂಕದ ಒಬ್ಬರನ್ನು 640 ಮೀಟರ್ ಮೇಲೆತ್ತಬಲ್ಲದು. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. 100 ಮೀಟರ್ ಎತ್ತರದ ಜಲಾಶಯದಿಂದ ಅಷ್ಟನ್ನು ಪಡೆಯಲು, ಏನೂ ಪೋಲಾಗದಿದ್ದರೂ, 3.7 ಟನ್ ನೀರು ಬೀಳಬೇಕು. ಕಿಲೋಗೆ 24 ಮೆಗಾಜೂಲ್ ಕೊಡುವ ಕಲ್ಲಿದ್ದಲಾದರೆ, ಶೇ. 35 ದಕ್ಷತೆಯ ಸ್ಥಾವರದಲ್ಲಿ ಅರ್ಧ ಕಿಲೋಗಿಂತ ಕಡಿಮೆ ಸಾಕು.

ಆ ಶೇ. 35ರ ಹಿಂದೆ ಇನ್ನೊಂದು ನಿಯಮವಿದೆ, ಪಾಠದ ಸಾಲಿನಲ್ಲಿ ಕಾಣದ್ದು. ಕೆಲಸ ಪೂರ್ತಿಯಾಗಿ ಶಾಖವಾಗಬಹುದು. ಶಾಖ ಪೂರ್ತಿಯಾಗಿ ಕೆಲಸವಾಗದು. 1824ರಲ್ಲಿ ಫ್ರಾನ್ಸಿನ ಎಂಜಿನಿಯರ್ ಕಾರ್ನೊ, ಕ್ಯಾಲೊರಿಕ್ಕನ್ನೇ ಆಧಾರವಾಗಿಟ್ಟುಕೊಂಡು, ಉಗಿಯಂತ್ರದ ಮಿತಿ ಎರಡು ತಾಪಮಾನಗಳಿಂದ ತೀರ್ಮಾನವಾಗುತ್ತದೆ ಎಂದು ಕಂಡುಕೊಂಡಿದ್ದರು. ಅದನ್ನು ಜೂಲ್ ಅವರ ಫಲಿತಾಂಶದೊಂದಿಗೆ ಹೊಂದಿಸಿದವರು 1850ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕ್ಲೌಸಿಯಸ್, ಅದರ ಬೆನ್ನಿಗೇ ಬ್ರಿಟನ್ನಿನ ವಿಲಿಯಂ ಥಾಮ್ಸನ್. ಉಗಿ 560 ಡಿಗ್ರಿ, ತಂಪು ನೀರು 30 ಡಿಗ್ರಿ ಇದ್ದರೆ ಆದರ್ಶ ಯಂತ್ರಕ್ಕೂ ಸಿಗುವುದು ಗರಿಷ್ಠ ಶೇ. 64. ಸ್ಥಾವರದಿಂದ 35 ಡಿಗ್ರಿಯಲ್ಲಿ ಹೊರಬೀಳುವ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಜೂಲ್ ಇರುತ್ತದೆ, ಆದರೆ 30 ಡಿಗ್ರಿಯ ಸುತ್ತಲಿನ ಪರಿಸರದ ಎದುರು ಅದರಿಂದ ಕೆಲಸವಾಗಿ ತೆಗೆಯಬಹುದಾದದ್ದು ಹೆಚ್ಚೆಂದರೆ ಶೇ. 1.6.