ಪದ ಪರಿಚಯ: ಸಾಧಾರಣ ಕಾಲ

"ಪಾಸ್ಕ ಆಯ್ತು, ಪೆಂತೆಕೋಸ್ತೂ ಆಯ್ತು. ಇನ್ನು ಕ್ರಿಸ್ಮಸ್ ತನಕ ಸಾಧಾರಣ ಕಾಲ, ಇಗರ್ಜಿಯಲ್ಲಿ ಏನೂ ಇಲ್ಲ." ಕುಮಟಾ ಕಡೆಯ ಒಂದು ವಾಟ್ಸ್ಆ್ಯಪ್ ಗುಂಪಿಗೆ ಜೂನ್‌ನಲ್ಲಿ ಬಂದ ಸಂದೇಶ ಇದು. ಪಾಸ್ಕ ಎಂದರೆ ಈಸ್ಟರ್, ಪೆಂತೆಕೋಸ್ತು ಅದಾಗಿ ಏಳು ವಾರಕ್ಕೆ ಬರುವ ಹಬ್ಬ. ಇಂಥ ಹಬ್ಬದ ಕಾಲಗಳಿಗೆ ಸೇರದ ವಾರಗಳಿಗೆ ಕಥೋಲಿಕರು ಸಾಧಾರಣ ಕಾಲ ಎನ್ನುತ್ತಾರೆ. ಇದೇ ಮಾತನ್ನು ಗಾಯನ ಮಂಡಳಿಯವರ ಬಾಯಲ್ಲೂ ಧರ್ಮೋಪದೇಶಕ್ಕೆ ಬರುವ ಮಕ್ಕಳ ಬಾಯಲ್ಲೂ ಕೇಳಿದ್ದೇನೆ. ಒಮ್ಮೆಯಂತೂ ಪೂಜೆಗೆ ಮುಂಚಿನ ಪೀಠಿಕೆಯಲ್ಲೇ "ಇಂದು ಸಾಧಾರಣ ಭಾನುವಾರ" ಎಂದು ಓದಿದರು. ಅವತ್ತೇ ಬರೆಯಬೇಕಿತ್ತು.

ಧರ್ಮಸಭೆಯ ಪಂಚಾಂಗದಲ್ಲಿ, ಅಂದರೆ ಪೂಜೆ ಮತ್ತು ಹಬ್ಬಗಳ ಕ್ಯಾಲೆಂಡರಿನಲ್ಲಿ, "ಸಾಧಾರಣ ಭಾನುವಾರ" ಎಂಬುದು ಹುಡುಕಿದರೂ ಸಿಗುವುದಿಲ್ಲ. ಸಿಗುವುದು "ಸಾಧಾರಣ ಕಾಲದ ಹದಿನೈದನೆಯ ಭಾನುವಾರ". ವಿಶೇಷಣ ಇರುವುದು ಕಾಲಕ್ಕೆ. ಭಾನುವಾರ ಯಾವ ಕಾಲದಲ್ಲಿ ಬಂದರೂ ಪುನರುತ್ಥಾನದ ದಿನವೇ, ವಾರಕ್ಕೊಮ್ಮೆ ಬರುವ ಪಾಸ್ಕವೇ.

ರೋಮಿನ ಲ್ಯಾಟಿನ್ ಗ್ರಂಥದಲ್ಲಿ ಈ ಕಾಲದ ಹೆಸರು "ತೆಂಪುಸ್ ಪೆರ್ ಆನ್ನುಮ್". ವರ್ಷದುದ್ದಕ್ಕೂ ಸಾಗುವ ಕಾಲ ಎಂದರ್ಥ. ಪೋಪ್ 6ನೇ ಪೌಲರು 1969ರಲ್ಲಿ ಪರಿಷ್ಕರಿಸಿದ ಪಂಚಾಂಗ 1970ರ ಜನವರಿ 1ರಿಂದ ಬಳಕೆಗೆ ಬಂತು. ಈಗಿನ ಎಣಿಕೆ ಅಲ್ಲಿಂದ ಶುರು. ಇಂಗ್ಲಿಷಿನವರು ಇದನ್ನು "ಆರ್ಡಿನರಿ ಟೈಮ್" ಅಂದರು. ಆ ಪದದ ಬೇರು "ಓರ್ದೊ", ಅಂದರೆ ಸಾಲು, ಸರದಿ. ಒಂದು, ಎರಡು, ಮೂರು ಎಂದು ಸಾಲಾಗಿ ಎಣಿಸಿಕೊಂಡು ಹೋಗುವ ವಾರಗಳಿಗೆ ಅದು ಒಪ್ಪುತ್ತದೆ. ಆದರೆ ಇಂಗ್ಲಿಷಿನಲ್ಲೂ ಬೇರು ಮರೆತುಹೋಗಿ "ವಿಶೇಷವಿಲ್ಲದ್ದು" ಎಂಬ ಅರ್ಥವೊಂದೇ ಉಳಿದಿದೆ.

ಕನ್ನಡದಲ್ಲಿ ಆದದ್ದೂ ಅದೇ. ನಾವು ಈ ಪದವನ್ನು ದಿನಾ ಎಲ್ಲಿ ಓದುತ್ತೇವೆ ನೋಡಿ. ಕಾಣೆಯಾದವರ ಪ್ರಕಟಣೆಯಲ್ಲಿ "ಸಾಧಾರಣ ಮೈಕಟ್ಟು". ಹವಾಮಾನ ವರದಿಯಲ್ಲಿ "ಕರಾವಳಿಯಲ್ಲಿ ಸಾಧಾರಣ ಮಳೆ". ಹುಡುಗನ ಓದು ಹೇಗೆ ಎಂದು ಕೇಳಿದರೆ "ಸಾಧಾರಣ", ಅಂದರೆ ಹೇಳಿಕೊಳ್ಳುವಂಥದ್ದೇನಿಲ್ಲ. ಇಷ್ಟು ಬಳಕೆ ಕಿವಿಯಲ್ಲಿ ತುಂಬಿರುವಾಗ "ಸಾಧಾರಣ ಕಾಲ" ಎಂದರೆ ಹಬ್ಬಗಳ ನಡುವಿನ ಖಾಲಿ ಜಾಗ ಎಂದು ಅನಿಸುವುದು ಸಹಜ. ಹಾಗಾಗಿ ಕೆಲವರು ಪದವನ್ನೇ ಬದಲಿಸಿ ಅನ್ನುತ್ತಾರೆ. "ಸಾಮಾನ್ಯ ಕಾಲ" ಎನ್ನುವವರೂ ಇದ್ದಾರೆ. ಅದರಿಂದ ಗೊಂದಲ ಚೂರೂ ಕಡಿಮೆಯಾಗುವುದಿಲ್ಲ.

ನನಗೆ ಪದ ಬದಲಿಸುವುದು ಬೇಡ. ಸಂಸ್ಕೃತದಲ್ಲಿ ಸಾಧಾರಣ ಎಂದರೆ ಒಂದೇ ಆಧಾರದ ಮೇಲೆ ನಿಂತದ್ದು. ಅಲ್ಲಿಂದ ಹಲವರಿಗೆ ಸೇರಿದ್ದು, ಎಲ್ಲರಿಗೂ ಸಮನಾದದ್ದು ಎಂಬ ಅರ್ಥ ಬಂತು. ಧರ್ಮಶಾಸ್ತ್ರಗಳಲ್ಲಿ "ಸಾಧಾರಣ ಧರ್ಮ" ಎಂದರೆ ಕೆಳದರ್ಜೆಯ ಧರ್ಮ ಅಂತಲ್ಲ. ಸತ್ಯ, ಅಹಿಂಸೆಯಂತೆ ಎಲ್ಲ ಮನುಷ್ಯರೂ ನಡೆಸಬೇಕಾದದ್ದು. ಉಪಮಾಲಂಕಾರದಲ್ಲಿ ಮುಖಕ್ಕೂ ಕಮಲಕ್ಕೂ ಇರುವ ಒಂದೇ ಗುಣವನ್ನು ಸಾಧಾರಣ ಧರ್ಮ ಎನ್ನುತ್ತಾರೆ; ಶಾಲೆಯಲ್ಲಿ ನಾವು ಸಮಾನ ಧರ್ಮ ಎಂದು ಕಲಿತದ್ದು ಅದನ್ನೇ. ಅರವತ್ತು ಸಂವತ್ಸರಗಳಲ್ಲಿ 44ನೆಯದರ ಹೆಸರೂ ಸಾಧಾರಣ. ಆ ಸಂವತ್ಸರ ಬಂದದ್ದು 1970ರ ಯುಗಾದಿಗೆ, ಹೊಸ ಪಂಚಾಂಗ ಜಾರಿಯಾದ ವರ್ಷವೇ. ಕಾಕತಾಳೀಯ ಎಂದು ಗೊತ್ತಿದ್ದರೂ ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು), ಕ್ರಿಸ್ತಜಯಂತಿ ಕಾಲ, ತಪಸ್ಸು ಕಾಲ (ಪಾಸ್ಕಕ್ಕೆ ಮುಂಚಿನ ಉಪವಾಸದ ದಿನಗಳು), ಪಾಸ್ಕ ಕಾಲ ಇವು ಯೇಸುವಿನ ಬಾಳಿನ ಒಂದೊಂದು ರಹಸ್ಯದ ಮೇಲೆ, ಅಂದರೆ ಜನನ, ಮರಣ, ಪುನರುತ್ಥಾನದಂಥ ಘಟನೆಯ ಮೇಲೆ ನಿಲ್ಲುತ್ತವೆ. ಸಾಧಾರಣ ಕಾಲದಲ್ಲಿ ಕ್ರಿಸ್ತನ ರಹಸ್ಯವನ್ನು ಇಡಿಯಾಗಿ ಧ್ಯಾನಿಸುತ್ತೇವೆ. ಎಲ್ಲ ರಹಸ್ಯಗಳಿಗೂ ಸೇರಿದ ಕಾಲ ಅದು. ಪದದ ಹಳೆಯ ಅರ್ಥ ಇಲ್ಲಿ ಸರಿಯಾಗಿ ಕೂರುತ್ತದೆ.

ಎಣಿಕೆಯ ಮಾತು ಬೇಗ ಮುಗಿಸುತ್ತೇನೆ. ವರ್ಷಕ್ಕೆ 33 ಅಥವಾ 34 ವಾರ. ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ಮರುದಿನದಿಂದ, ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ದಿನದವರೆಗೆ ಒಂದು ತುಂಡು, ಪೆಂತೆಕೋಸ್ತಿನ ಮರುದಿನ ಸೋಮವಾರದಿಂದ ಆಗಮನ ಕಾಲದವರೆಗೆ ಇನ್ನೊಂದು. ಕ್ರಿಸ್ತರಾಜರ ಹಬ್ಬ ಯಾವಾಗಲೂ 34ನೇ ಭಾನುವಾರಕ್ಕೇ ಬೀಳಬೇಕು. ಅದಕ್ಕಾಗಿ ಕೆಲವು ವರ್ಷ ನಡುವೆ ಒಂದು ವಾರ ಬಿಟ್ಟುಹೋಗುತ್ತದೆ. 2025ರಲ್ಲಿ ತಪಸ್ಸು ಕಾಲಕ್ಕೆ ಮುಂಚೆ 8ನೇ ವಾರದಲ್ಲಿದ್ದೆವು, ಪೆಂತೆಕೋಸ್ತು ಕಳೆದ ಮೇಲೆ ನೇರ 10ಕ್ಕೆ ಹೋದೆವು. ಪಂಚಾಂಗದಲ್ಲಿ ಅಚ್ಚಿನ ತಪ್ಪು ಎಂದು ದೂರುವವರು ಇಷ್ಟು ತಿಳಿದರೆ ಸಾಕು.

"ಏನೂ ಇಲ್ಲ" ಎನ್ನುವವರಿಗೆ ನಾನು ತೋರಿಸುವುದು ಪೂಜೆಯಲ್ಲಿ ಓದುವ ಬೈಬಲ್ ವಾಚನಗಳನ್ನು. ಮೂರು ವರ್ಷದ ಸರದಿಯಲ್ಲಿ ಎ ವರ್ಷ ಮತ್ತಾಯನ ಶುಭಸಂದೇಶದ್ದು. ಆ ವರ್ಷದ 15ನೇ ಭಾನುವಾರ ಬಿತ್ತುವವನ ಸಾಮತಿ (ಯೇಸು ಹೇಳಿದ ದೃಷ್ಟಾಂತ ಕಥೆ), 16ನೇ ಭಾನುವಾರ ಗೋಧಿ ಮತ್ತು ಕಳೆಯ ಸಾಮತಿ. ಎರಡೂ ಬರುವುದು ಜುಲೈ ನಡುವಿಗೆ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಟ್ರಾಲರ್‌ಗಳು ದಡದಲ್ಲಿ ಕಟ್ಟಿಕೊಂಡಿರುತ್ತವೆ, ಗದ್ದೆಗಳೆಲ್ಲ ಹಸಿರು. ಒಳಗೆ ಗುರುಗಳ ಪೂಜಾವಸ್ತ್ರವೂ ಹಸಿರು. ಈ ಕಾಲಕ್ಕೆ ಆ ಬಣ್ಣ ನಿಗದಿಯಾದದ್ದು ನಮ್ಮ ಮಳೆಗಾಲ ನೋಡಿ ಅಲ್ಲ. ಆದರೂ ಕಾರವಾರದಿಂದ ಭಟ್ಕಳದವರೆಗಿನ ಯಾವ ಇಗರ್ಜಿಯ ಬಾಗಿಲಲ್ಲಿ ನಿಂತು ನೋಡಿದರೂ ಎರಡು ಹಸಿರೂ ಒಟ್ಟಿಗೇ ಕಾಣುತ್ತವೆ.

ಬಿತ್ತುವವನ ಸಾಮತಿಯನ್ನು ಮಕ್ಕಳಿಗೆ ಹೇಳುವಾಗ ಒಂದು ತೊಡಕು ಬರುತ್ತಿತ್ತು. ನೆಟ್ಟಿಯ ಗದ್ದೆ ನೋಡಿ ಬೆಳೆದ ಮಗುವಿಗೆ ದಾರಿಯ ಮೇಲೂ ಕಲ್ಲಿನ ಮೇಲೂ ಬೀಜ ಚೆಲ್ಲುವ ರೈತ ಅರ್ಥವಾಗುವುದಿಲ್ಲ. ಅಘನಾಶಿನಿ ನದಿಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಡೆಯ ಒಬ್ಬ ಹುಡುಗಿ ಮಾತ್ರ ಥಟ್ಟನೆ ಹಿಡಿದಳು. ಉಪ್ಪುನೀರು ತಾಳುವ ಕಗ್ಗ ಭತ್ತವನ್ನು ಅಲ್ಲಿ ನೆಡುವುದಿಲ್ಲ, ಮೊಳಕೆ ಬರಿಸಿ ಬಿತ್ತುತ್ತಾರೆ. "ನಮ್ಮಲ್ಲೂ ಹಾಗೇ ಟೀಚರ್, ಹಕ್ಕಿ ತಿಂದದ್ದು ತಿಂತು ಅಂತ ಅಪ್ಪ ಜಾಸ್ತಿನೇ ಚೆಲ್ತಾರೆ" ಅಂದಳು. ಆ ಸಾಮತಿಗೆ ಅದಕ್ಕಿಂತ ಒಳ್ಳೆಯ ಪ್ರಸಂಗ ನಾನು ಕೇಳಿಲ್ಲ.

ಇನ್ನು ಹಬ್ಬಗಳು. ಜೂನ್ 29ರ ಪೇತ್ರ–ಪೌಲರ ದಿನ, ಆಗಸ್ಟ್ 15ರ ಸ್ವರ್ಗಸ್ವೀಕಾರ, ಸೆಪ್ಟೆಂಬರ್ 8ರಂದು ಹೊಸ ತೆನೆ ಹರಸಿ ಮನೆಗೆ ತರುವ ಮಾತೆ ಮರಿಯಳ ಜನ್ಮದಿನ, ನವೆಂಬರ್ 2ರಂದು ಸಮಾಧಿಗಳ ಹುಲ್ಲು ಕಿತ್ತು ಮೇಣದಬತ್ತಿ ಹಚ್ಚುವುದು, ಎಲ್ಲವೂ ಇದೇ ಕಾಲದೊಳಗೆ. ಬಿತ್ತನೆಯಿಂದ ಕೊಯ್ಲಿನವರೆಗೆ ಮನೆಯವರ ವಿಶ್ವಾಸ ನಡೆಯುವುದು ಇಲ್ಲೇ.

ನನ್ನ ಅಜ್ಜಿಗೆ ಹೊಸ ಎಣಿಕೆ ಕೊನೆಯವರೆಗೂ ಒಗ್ಗಲಿಲ್ಲ. 1970ಕ್ಕೆ ಮುಂಚಿನ ಪಂಚಾಂಗದಂತೆ "ಪೆಂತೆಕೋಸ್ತು ಕಳೆದು ಎಷ್ಟನೇ ಭಾನುವಾರ" ಎಂದೇ ಲೆಕ್ಕ. ಪೂಜೆ ಮುಗಿಸಿ ಬಂದು, ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಅಡಿಗೆಮನೆಯ ಬಾಗಿಲ ಹಿಂದಿನ ಗೋಡೆಗೆ ಇದ್ದಿಲಿನಿಂದ ಒಂದು ಗೀರು ಎಳೆಯುತ್ತಿದ್ದಳು. ಜ್ವರ ಬಂದು ಇಗರ್ಜಿಗೆ ಹೋಗದ ವಾರದ ಗೀರು ಅರ್ಧವೇ ಇರುತ್ತಿತ್ತು. ಕ್ರಿಸ್ಮಸ್‌ಗೆ ಸುಣ್ಣ ಬಳಿಯುವವರು ಬಂದಾಗ ಆ ಗೋಡೆ ಕೊನೆಗೆ. ಮೊದಲು ಅಜ್ಜಿ ಬಂದು ಬೆರಳಿಟ್ಟು ಎಲ್ಲ ಗೀರುಗಳನ್ನೂ ಎಣಿಸಬೇಕು, ಆಮೇಲೆ ಸುಣ್ಣ.