ಬಯಕೆಯ ಎಲೆ, ಮಗುವಿನ ರಕ್ತ

ಮೊನ್ನೆ ಮಲ್ಪೆಯ ನೆಂಟರ ಮನೆಯಲ್ಲಿ ಬಯಕೆ. ಏಳು ತಿಂಗಳ ಬಸುರಿಯ ಎಲೆಗೆ ದೊಡ್ಡಮ್ಮ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಹೊಯ್ದು, "ತಿನ್ನು ಮಗಾ, ನೀನೀಗ ಎರಡು ಜೀವ" ಅಂದರು. ಎದುರಿನ ಪಂಕ್ತಿಯಲ್ಲಿ ಗಂಡೋ ಹೆಣ್ಣೋ ಎಂಬ ಚರ್ಚೆ. ತುಪ್ಪದ ಮಾತು, ಗಂಡು ಹೆಣ್ಣಿನ ಮಾತು, ಎರಡೂ ಹೋಗಿ ಸೇರುವ ಒಂದು ಜಾಗವಿದೆ: ಹುಟ್ಟಲಿರುವ ಮಗುವಿನ ರಕ್ತ.

ನಮ್ಮ ಮೂಳೆಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ತಯಾರಿಸುತ್ತದೆ. ಅದಕ್ಕೆಲ್ಲ ಮೂಲ ರಕ್ತದ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಗರ್ಭ ಕಟ್ಟಿ ಸುಮಾರು ನಾಲ್ಕು ವಾರಕ್ಕೆ ಅವು ಭ್ರೂಣದ ಮಹಾಪಧಮನಿಯ ಗೋಡೆಯಲ್ಲಿ ಹುಟ್ಟುತ್ತವೆ. ಅಲ್ಲಿಂದ ಲಿವರ್‌ಗೆ ಹೋಗಿ, ಹೆಚ್ಚಿ, ಆಮೇಲೆ ಮಜ್ಜೆ ಸೇರುತ್ತವೆ. ಹೊಕ್ಕುಳಬಳ್ಳಿಯ ಅಭಿಧಮನಿ ಮಗುವಿನ ಮೈಯೊಳಗೆ ಮೊದಲು ಹೋಗುವುದೂ ಲಿವರ್ ಕಡೆಗೇ. ತಾಯಿಯ ರಕ್ತದಲ್ಲಿ ಮಿಕ್ಕಿದ ಸಕ್ಕರೆ, ಕೊಬ್ಬು ಮೊದಲು ಮುಟ್ಟುವುದು ಆಕರಕೋಶಗಳ ಸಸಿಮಡಿಯಂತಿರುವ ಈ ನೇಜಿಗದ್ದೆಯನ್ನೇ, ಅಂದರೆ ಲಿವರನ್ನೇ.

2015ರಲ್ಲಿ ಅಮೆರಿಕದ ಆರೆಗಾನ್‌ನ ಸಂಶೋಧಕರು ತಾಯಿ ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ಕೊಟ್ಟು ನೋಡಿದರು. ಮರಿಗಳ ಆಕರಕೋಶಗಳು ತಮ್ಮಂಥವನ್ನೇ ಮತ್ತೆ ಹುಟ್ಟಿಸುವುದು ಕಡಿಮೆಯಾಗಿ, ಬೇಗ ಬೇಗ ಬೇರೆ ಕಣಗಳಾಗತೊಡಗಿದ್ದವು. ಬಿತ್ತಕ್ಕೆಂದು ಮುಡಿ ಕಟ್ಟಿಟ್ಟ ಭತ್ತವನ್ನು ಕುಟ್ಟಿ ಉಂಡ ಹಾಗೆ.

ಇನ್ನು ಗಂಡು ಹೆಣ್ಣಿನ ವಿಷಯ. ಮಾಸು, ಅಂದರೆ ಪ್ಲಾಸೆಂಟಾ, ತಾಯಿಯದೆಂದು ನಾವು ತಿಳಿಯುತ್ತೇವೆ, ಅದರ ಬಹುಪಾಲು ಮಗುವಿನದು. ಹಾಗಾಗಿ ಮಾಸಿಗೂ ಗಂಡು ಹೆಣ್ಣೆಂಬ ಭೇದವಿದೆ. ಪೋಷಕಾಂಶದ ಏರಿಳಿತ ಗ್ರಹಿಸುವ ಒಜಿಟಿ ಎಂಬ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಹೆಣ್ಣುಮಗುವಿನ ಮಾಸಿನಲ್ಲಿ ಅದರ ಕೆಲಸ ಜಾಸ್ತಿ. ಆಕರಕೋಶಗಳ ನಡೆಯೂ ಬೇರೆ ಬೇರೆ: ಈಸ್ಟ್ರೋಜನ್ ಪ್ರಭಾವದಿಂದ ಹೆಣ್ಣಿಲಿಗಳಲ್ಲಿ ಅವು ಹೆಚ್ಚು ಸಲ ಒಂದು ಎರಡಾಗಿ ವಿಭಜನೆಯಾಗುತ್ತವೆ ಎಂದು 2014ರಲ್ಲಿ ಗೊತ್ತಾಯಿತು. ಕೊಬ್ಬಿನ ಆಹಾರ ತಿಂದ ಗಂಡಿಲಿಗಳ ಮಜ್ಜೆಯಾದರೋ ಉರಿಯೂತದ ಬಿಳಿಕಣಗಳನ್ನು ಹೆಣ್ಣಿಲಿಗಳಿಗಿಂತ ಹೆಚ್ಚು ಹೊರಹಾಕುತ್ತದೆ.

ಪ್ರಯೋಗಾಲಯಗಳಲ್ಲಿ ಗಂಡು ಹೆಣ್ಣು ಮರಿಗಳನ್ನು ಒಟ್ಟಿಗೇ ಎಣಿಸುವ ರೂಢಿ ಬಹಳ ಕಾಲ ಇತ್ತು. ನನಗೆ ಅದು ದೊಡ್ಡ ತಪ್ಪೆನಿಸುತ್ತದೆ. ಒಂದರಲ್ಲಿ ಏರಿ, ಇನ್ನೊಂದರಲ್ಲಿ ಇಳಿದರೆ ಸರಾಸರಿಯಲ್ಲಿ ಏನೂ ಕಾಣದು.

ಕೈ ತೊಳೆಯುವಾಗ ಬಸುರಿ ಮೆಲ್ಲಗೆ ಕೇಳಿದಳು: "ಅಣ್ಣಾ, ನನ್ನ ತೂಕ ಮೊದಲೇ ಜಾಸ್ತಿ. ಮಗುವಿಗೆ ತೊಂದರೆಯಾ?" ಇದು ಇಲಿಗಳ ಲೆಕ್ಕ, ಹೆದರಬೇಡ, ಉಪವಾಸವಂತೂ ಬೇಡವೇ ಬೇಡ ಅಂದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬಸುರಿಗೆ ಹೇಳುವ ಹೆಚ್ಚುವರಿ ದಿನಕ್ಕೆ 350 ಕ್ಯಾಲರಿ ಅಷ್ಟೇ, ಇನ್ನೊಬ್ಬರ ಊಟವಲ್ಲ. ಹಿಂದೆಯೇ ನಿಂತಿದ್ದ ದೊಡ್ಡಮ್ಮ, "ಹಾಗಾದರೆ ನಾಳೆಯಿಂದ ಬಂಗುಡೆ ಸಾರು, ಸೊಪ್ಪು" ಅಂದರು.