320 ಎಂದು ಬರೆದಿದೆ, ಆದರೂ ಹಾಡು ಮಂಕು

ಡಿಜಿಟಲ್ ಆಡಿಯೊ ಬಗ್ಗೆ ಹೊಸಬರು ಕೇಳುವ ಪ್ರಶ್ನೆಗಳಲ್ಲಿ ಮೊದಲ ಸ್ಥಾನ ಇದಕ್ಕೇ: ‘128 ಕೆಬಿಪಿಎಸ್‌ನ ಎಂಪಿ3 ಇದೆ, ಕನ್ವರ್ಟರ್‌ಗೆ ಹಾಕಿ 320 ಮಾಡಿಕೊಂಡರೆ ಚೆನ್ನಾಗಿ ಕೇಳಿಸುತ್ತದಾ?’ ಇಲ್ಲ. ಕೆಬಿಪಿಎಸ್ ಎಂದರೆ ಒಂದು ಸೆಕೆಂಡಿನ ಧ್ವನಿಗೆ ಎಷ್ಟು ಸಾವಿರ ಬಿಟ್ ಖರ್ಚಾಗುತ್ತದೆ ಎಂಬ ಲೆಕ್ಕ. ಅದನ್ನು ಏರಿಸಿದರೆ ಫೈಲು ದಪ್ಪಗಾಗುತ್ತದೆ, ಅಷ್ಟೇ. ಹಾಲಿಗೆ ನೀರು ಬೆರೆಸಿದರೆ ಅಳತೆ ಹೆಚ್ಚೀತು, ಹಾಲು ಹೆಚ್ಚುವುದಿಲ್ಲ. ನಿಜ ಹೇಳಬೇಕೆಂದರೆ ಧ್ವನಿ ಇನ್ನೊಂದಿಷ್ಟು ಕೆಡುತ್ತದೆ. ಧ್ವನಿಯನ್ನು ಕತ್ತರಿಸಿ ಸಣ್ಣ ಫೈಲು ಮಾಡುವ ಎಂಪಿ3 ಎನ್‌ಕೋಡರ್ ಎರಡನೇ ಸಲವೂ ತನ್ನ ಕತ್ತರಿ ಆಡಿಸದೆ ಬಿಡುವುದಿಲ್ಲ.

ಲೆಕ್ಕ ಹಾಕಿ ನೋಡಿ. ಆಡಿಯೊ ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಮಟ್ಟವನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಟ್ಟಿರುತ್ತಾರೆ. ಎಡ, ಬಲ ಎರಡು ಚಾನೆಲ್ ಸೇರಿ ಸೆಕೆಂಡಿಗೆ 14,11,200 ಬಿಟ್, ಅಂದರೆ ಸುಮಾರು 1,411 ಕೆಬಿಪಿಎಸ್. ಐದು ನಿಮಿಷದ ಹಾಡಿಗೆ 53 ಎಂಬಿ ಬೇಕು. ಅದೇ ಹಾಡು 128 ಕೆಬಿಪಿಎಸ್‌ನ ಎಂಪಿ3 ಆದಾಗ 4.8 ಎಂಬಿ. ಹನ್ನೊಂದರಲ್ಲಿ ಹತ್ತು ಪಾಲು ಹೋಯಿತು. ಜೋರಾದ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ಕಿವಿಗೆ ಬೀಳುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆ ಎನ್‌ಕೋಡರ್ ಕೆಲಸ ಮಾಡುತ್ತದೆ. ಬಹಳ ಸಲ ಆ ಲೆಕ್ಕ ಸರಿಯಾಗಿಯೇ ಇರುತ್ತದೆ, ಬರೀ ಮಾತಿನ ರೆಕಾರ್ಡಿಂಗ್‌ಗೆ 128 ಧಾರಾಳವಾಯಿತು. ಸಿಕ್ಕಿಬೀಳುವುದು ಥಟ್ಟನೆ ಏಳುವ ಸದ್ದುಗಳಲ್ಲಿ. ಚಂಡೆಯ ಏಟಿಗೆ ಒಂದು ಕ್ಷಣ ಮೊದಲೇ ಮರಳು ಉದುರಿದಂಥ ಸದ್ದು ಬರುತ್ತದೆ, ತಾಳದ ಝಣತ್ಕಾರ ನೀರಿನಲ್ಲಿ ಮುಳುಗಿದ ಹಾಗೆ ಕೇಳುತ್ತದೆ. ಒಮ್ಮೆ ಬಿಸಾಡಿದ್ದು ಯಾವ ಕನ್ವರ್ಟರ್‌ನಿಂದಲೂ ವಾಪಸ್ ಬರುವುದಿಲ್ಲ. ಏನನ್ನೂ ಎಸೆಯದೆ ಇಡಬೇಕೆಂದರೆ ಫ್ಲಾಕ್ (FLAC) ಎಂಬ ಫೈಲ್ ಫಾರ್ಮ್ಯಾಟ್ ಬಳಸಿ. ಮೂಲದ ಅರ್ಧದಿಂದ ಮುಕ್ಕಾಲರೊಳಗಿನ ಗಾತ್ರ, ಬಿಚ್ಚಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲ.

ಹಾಗಾದರೆ ಕೈಯಲ್ಲಿರುವ 320ರ ಫೈಲು ಅಸಲಿಯೋ ನಕಲಿಯೋ? ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಆಡಿಯೊ ಸಾಫ್ಟ್‌ವೇರಿನಲ್ಲಿ ಫೈಲನ್ನು ಎಳೆದು ಹಾಕಿ, ಟ್ರ್ಯಾಕ್ ಹೆಸರಿನ ಪಕ್ಕದ ಮೆನುವಿನಲ್ಲಿ ಸ್ಪೆಕ್ಟ್ರೋಗ್ರಾಮ್ ಆರಿಸಿ. ಧ್ವನಿ ಬಣ್ಣದ ಚಿತ್ರವಾಗಿ ಕಾಣುತ್ತದೆ; ಕೆಳಗೆ ದಪ್ಪ ಸ್ವರ, ಮೇಲೆ ಹೋದಂತೆ ಕೀಚಲು ಸ್ವರ. ಬಣ್ಣ 16-17 ಕಿಲೋಹರ್ಟ್ಸ್‌ನಲ್ಲಿ ಚಾಕುವಿನಿಂದ ಕೊಯ್ದಂತೆ ನೆಟ್ಟಗೆ ನಿಂತಿದ್ದರೆ, ಅದು ಬಹುತೇಕ 128ರಿಂದ ಉಬ್ಬಿಸಿದ್ದು. ಅಸಲಿ 320 ಸುಮಾರು 20 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ. ಒಂದು ಎಚ್ಚರಿಕೆ: ಹಳೆಯ ಗ್ರಾಮಫೋನ್ ತಟ್ಟೆ, ಕ್ಯಾಸೆಟ್‌ಗಳಿಂದ ಬಂದ ಹಾಡುಗಳಲ್ಲಿ ಆ ಎತ್ತರದಲ್ಲಿ ಸಾಮಾನ್ಯವಾಗಿ ಹೆಚ್ಚೇನೂ ಇರುವುದಿಲ್ಲ. ಅಲ್ಲಿ ಬಣ್ಣ ನಿಧಾನಕ್ಕೆ ಮಸುಕಾಗುತ್ತದೆ, ಗೆರೆ ಎಳೆದಂತೆ ನಿಲ್ಲುವುದಿಲ್ಲ. ಆ ವ್ಯತ್ಯಾಸ ಗಮನಿಸದೆ ಅಪರೂಪದ ಫೈಲನ್ನು ಅಳಿಸಿಬಿಡಬೇಡಿ.

ಕ್ಯಾಸೆಟ್ ಅಂದಮೇಲೆ, ಮನೆಯಲ್ಲಿರುವ ತಾಳಮದ್ದಳೆ, ಹರಿಕಥೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಷಯ. ಇಲ್ಲಿ ಕೆಲಸ ಕೆಡುವುದು ಸಾಫ್ಟ್‌ವೇರಿನಲ್ಲಲ್ಲ, ತಂತಿ ಚುಚ್ಚುವ ಜಾಗದಲ್ಲಿ. ಲ್ಯಾಪ್‌ಟಾಪಿನಲ್ಲಿರುವ ಒಂದೇ ತೂತು ಹೆಡ್‌ಫೋನ್ ಮತ್ತು ಮೈಕ್ ಎರಡಕ್ಕೂ ಸೇರಿದ್ದು. ಅದರ ಮೈಕ್ ಭಾಗ ಸಾಮಾನ್ಯವಾಗಿ ಮೊನೊ (ಎಡ-ಬಲ ಇಲ್ಲದ ಒಂದೇ ಚಾನೆಲ್), ಅಲ್ಲದೆ ಬಹಳ ಸೂಕ್ಷ್ಮ. ಟೇಪ್ ರೆಕಾರ್ಡರಿನ ಬಲವಾದ ಸಿಗ್ನಲ್ ಅಲ್ಲಿಗೆ ಹೋದರೆ ಭಾಗವತರ ಸ್ವರ ಒಡೆದು ಕರಕರ ಅನ್ನುತ್ತದೆ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ನೀಲಿ ಲೈನ್-ಇನ್ (ಇಂಥ ಬಲವಾದ ಸಿಗ್ನಲ್‌ಗೆಂದೇ ಇರುವ ತೂತು) ಬಳಸಿ. ಲ್ಯಾಪ್‌ಟಾಪ್ ಆದರೆ ಸ್ಟೀರಿಯೊ ಲೈನ್-ಇನ್ ಇರುವ ಯುಎಸ್‌ಬಿ ಆಡಿಯೊ ಸಾಧನವೊಂದು ಬೇಕು. ಗುಲಾಬಿ, ಹಸಿರು ಎರಡೇ ತೂತುಗಳಿರುವ ಅಗ್ಗದ ಯುಎಸ್‌ಬಿ ಡಾಂಗಲ್ ಸಾಲದು, ಆ ಗುಲಾಬಿಯೂ ಮೈಕಿಗೇ.

ರೆಕಾರ್ಡ್ ಮಾಡುವ ಮುನ್ನ ಟೇಪ್ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಲು ಬಿಡಿ. ಇಷ್ಟಾದರೂ ಧ್ವನಿ ಕಂಬಳಿ ಹೊದ್ದಂತಿದ್ದರೆ ಹೆಡ್ಡಿನ ಪಕ್ಕದಲ್ಲಿರುವ, ಅದರ ಓರೆ ಸರಿಪಡಿಸುವ ಸಣ್ಣ ಅಜಿಮತ್ ಸ್ಕ್ರೂ ನೋಡಿ. ಟೇಪ್ ಓಡುತ್ತಿರುವಾಗ ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸಿ, ತಾಳ ಅತಿ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಆಡಾಸಿಟಿಯಲ್ಲಿ 44,100 ಹರ್ಟ್ಸ್, 24 ಬಿಟ್. ಟೇಪಿನ ಅತಿ ಜೋರಾದ ಜಾಗದಲ್ಲಿ ಮೀಟರ್ ಮೈನಸ್ 6 ಡೆಸಿಬೆಲ್ ದಾಟಬಾರದು. ಸೊನ್ನೆಗೆ ಬಡಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ, ಆಮೇಲೆ ರಿಪೇರಿ ಇಲ್ಲ. ‘ಹಿಸ್’, ಅಂದರೆ ಟೇಪಿನ ಸುಸ್ಸೆನ್ನುವ ಸದ್ದನ್ನು ತೆಗೆಯುವ ಉಪಕರಣ ಸಾಫ್ಟ್‌ವೇರಿನಲ್ಲಿ ಕೈಗೆ ಸಿಕ್ಕಿದ ಕೂಡಲೇ ಪೂರ್ತಿ ತಿರುಗಿಸುವವರೇ ಹೆಚ್ಚು. ಹಿಸ್ ಜೊತೆ ಮೃದಂಗದ ನಾದವೂ ಹೋಗುತ್ತದೆ. ಕೈಹಾಕದ ಮೂಲ ಪ್ರತಿಯನ್ನು ಫ್ಲಾಕ್ ಆಗಿ ಎತ್ತಿಡಿ, ಪ್ರಯೋಗವೆಲ್ಲ ನಕಲಿನ ಮೇಲೆ ನಡೆಯಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಅದರಿಂದಲೇ ಎಂಪಿ3 ಮಾಡಿಕೊಂಡರಾಯಿತು.

ಪ್ಲೇಯರ್ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಈಕ್ವಲೈಜರ್, ಬಾಸ್ ಬೂಸ್ಟ್ ಎಲ್ಲ ಆಫ್ ಇದ್ದರೆ ವಿಎಲ್‌ಸಿ, ಫೂಬಾರ್2000 ಮುಂತಾದವು ಒಂದೇ ಫೈಲನ್ನು ಒಂದೇ ರೀತಿ ನುಡಿಸುತ್ತವೆ. ‘ಈ ಪ್ಲೇಯರಿನಲ್ಲಿ ಸೌಂಡ್ ಚೆನ್ನ’ ಎನ್ನುವವರು ಸಾಮಾನ್ಯವಾಗಿ ಹೇಳುತ್ತಿರುವುದು ‘ಇದರಲ್ಲಿ ಸೌಂಡ್ ಜೋರು’ ಎಂದು. ವಿಎಲ್‌ಸಿಯ ವಾಲ್ಯೂಮ್ 100ರ ಮೇಲೆ ಹೋಗುತ್ತದೆ, ಹೋದಾಗ ಒಡೆಯಲೂಬಹುದು. ವಿಡಿಯೊದಲ್ಲಿ ತುಟಿ ಮೊದಲು, ಮಾತು ಆಮೇಲೆ ಬರುತ್ತಿದ್ದರೆ ವಿಎಲ್‌ಸಿಯಲ್ಲಿ ಜೆ ಕೀಲಿ ಒತ್ತಿ, ಉಲ್ಟಾ ಆಗಿದ್ದರೆ ಕೆ: ಪ್ರತಿ ಒತ್ತಿಗೆ ಧ್ವನಿ 50 ಮಿಲಿಸೆಕೆಂಡ್ ಸರಿಯುತ್ತದೆ. ಕಾರಿನ ಸ್ಟೀರಿಯೊ ಪೆನ್‌ಡ್ರೈವ್ ಓದುತ್ತಿಲ್ಲವೇ? ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇದ್ದೀತು, ಫ್ಯಾಟ್32 ಮಾಡಿ (ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆಡೆ ಕಾಪಿ ಮಾಡಿಕೊಳ್ಳಿ). ಕನ್ನಡದ ಹೆಸರುಗಳ ಜಾಗದಲ್ಲಿ ಚೌಕಗಳು ಕಂಡರೆ ಸ್ಟೀರಿಯೊದಲ್ಲಿ ಕನ್ನಡ ಫಾಂಟ್ ಇಲ್ಲ ಎಂದೇ ಅರ್ಥ. ಫೈಲಿನ ತಪ್ಪಲ್ಲ.

ಬ್ಲೂಟೂತ್ ಹೆಡ್‌ಸೆಟ್‌ನವರದು ಬೇರೆಯೇ ಗೋಳು. ಹಾಡು ಕೇಳುವಾಗ ಚೆನ್ನಾಗಿರುತ್ತದೆ, ಮೀಟಿಂಗ್ ಶುರುವಾದ ಕ್ಷಣದಿಂದ ಎಲ್ಲವೂ ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಬಂದಂತೆ. ಹೆಡ್‌ಸೆಟ್ ಕೆಟ್ಟಿಲ್ಲ. ಹಾಡು ಕಳಿಸುವ ಎ2ಡಿಪಿ ವಿಧಾನದಲ್ಲಿ ಧ್ವನಿ ಒಂದೇ ದಿಕ್ಕಿಗೆ ಹರಿಯುತ್ತದೆ. ಮೈಕ್ ಬೇಕಾದ ತಕ್ಷಣ ಅದು ಹ್ಯಾಂಡ್ಸ್-ಫ್ರೀ ವಿಧಾನಕ್ಕೆ ಜಿಗಿಯುತ್ತದೆ; ಅಲ್ಲಿ ಹೋಗುವುದೂ ಬರುವುದೂ ಮೊನೊ, ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಅಳತೆ ಮಾತ್ರ. ಸಿಡಿಯ 44,100ರ ಪಕ್ಕದಲ್ಲಿಟ್ಟು ನೋಡಿ, ತಾಳ ಎಲ್ಲಿ ಉಳಿಯಬೇಕು? ಪರಿಹಾರ ಖರ್ಚಿಲ್ಲದ್ದು: ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಆಗಿ ಹೆಡ್‌ಸೆಟ್, ಮೈಕ್ ಆಗಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ. ಆನ್‌ಲೈನ್ ಸಂಗೀತ ಪಾಠ ಕಲಿಯುವವರಿಗಂತೂ ಇದು ಕಡ್ಡಾಯ. ಬ್ಲೂಟೂತ್‌ನ ಹೊಸ ವಿಧಾನವಾದ ಎಲ್‌ಇ ಆಡಿಯೊದಲ್ಲಿ ಈ ತಾಪತ್ರಯ ಕಡಿಮೆ, ಆದರೆ ಲ್ಯಾಪ್‌ಟಾಪ್ ಮತ್ತು ಹೆಡ್‌ಸೆಟ್ ಎರಡರಲ್ಲೂ ಅದು ಇರಬೇಕು.

ಇನ್ನು ಇಂಟರ್ನೆಟ್. ‘40 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿದ್ದೇನೆ, ಡೌನ್‌ಲೋಡ್ ಮಾತ್ರ 5 ತೋರಿಸುತ್ತದೆ’ ಎಂಬ ದೂರಿನಲ್ಲಿ ಕಂಪನಿಯ ಮೋಸವಿಲ್ಲ. ಪ್ಲ್ಯಾನ್ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಪರದೆ ತೋರಿಸುವುದು ಮೆಗಾಬೈಟ್, ಎಂಟರಿಂದ ಭಾಗಿಸಿ. ಹಾಡು ಕೇಳಲಿಕ್ಕೆ ಇದರಲ್ಲಿ ಚೂರು ಸಾಕು. 320 ಕೆಬಿಪಿಎಸ್ ಅಂದರೆ ಒಂದು ಎಂಬಿಪಿಎಸ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಗಂಟೆಗೆ 144 ಎಂಬಿ ಖರ್ಚು. ಮೊಬೈಲಿನಲ್ಲಿ ದಿನದ ಡೇಟಾ ಮುಗಿದ ಮೇಲೆ ಅನೇಕ ಪ್ಲ್ಯಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ 128ರ ಹಾಡು ಅರ್ಧ ನುಡಿದು ಅರ್ಧ ಕಾಯುತ್ತದೆ. ಬಿಟ್ಟೂ ಬಿಟ್ಟೂ ಬರುವ ಹಾಡಿಗೆ ಫೋನನ್ನು ಬೈಯುವ ಮುನ್ನ ಡೇಟಾ ಬಾಕಿ ನೋಡಿ.

ಮನೆಯಲ್ಲಿ ವೇಗ ಸಾಕಷ್ಟಿದ್ದೂ ಹಾಡು ನಿಂತು ನಿಂತು ಬಂದರೆ ತಪ್ಪು ವೈಫೈಯದೋ ಹೊರಗಿನ ಲೈನಿನದೋ ಎಂದು ಮೊದಲು ಬೇರ್ಪಡಿಸಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂಬ ಆಜ್ಞೆ ಕೊಟ್ಟರೆ ಡೀಫಾಲ್ಟ್ ಗೇಟ್‌ವೇ, ಅಂದರೆ ನಿಮ್ಮ ರೂಟರಿನ ವಿಳಾಸ ಕಾಣಿಸುತ್ತದೆ, ಹಲವು ಮನೆಗಳಲ್ಲಿ 192.168.1.1. ಅದಕ್ಕೆ 50 ಸಲ ಪಿಂಗ್ ಮಾಡಿ (ping -n 50 ಎಂದು ಬರೆದು ಮುಂದೆ ಆ ವಿಳಾಸ; ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ತೋರಿಸುತ್ತದೆ), ಆಮೇಲೆ ಹೊರಗಿರುವ ಗೂಗಲ್ ಸರ್ವರಿನ ವಿಳಾಸ 8.8.8.8ಕ್ಕೂ 50 ಸಲ. ಗೇಟ್‌ವೇಯ ಉತ್ತರಗಳು 2, 3, 180, 4, 400 ಮಿಲಿಸೆಕೆಂಡ್ ಎಂದು ಕುಣಿದಾಡುತ್ತಿದ್ದರೆ ರೋಗ ಮನೆಯೊಳಗೇ ಇದೆ. ಲ್ಯಾಪ್‌ಟಾಪನ್ನು ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಬದಲಿಸಿ. ಎರಡು ಗೋಡೆ ದಾಟಿ ಅದು ಬರದಿದ್ದರೆ 2.4ರಲ್ಲೇ ಇದ್ದು ಚಾನೆಲ್ 1, 6, 11ರಲ್ಲಿ ನೆರೆಮನೆಯವರು ಕಡಿಮೆ ಇರುವುದನ್ನು ಆರಿಸಿ. ಬ್ಲೂಟೂತ್ ಕೂಡ ಇದೇ 2.4ರಲ್ಲಿ ಓಡಾಡುತ್ತದೆ. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಮತ್ತು ಅದರ ತಂತಿ ಹೊಮ್ಮಿಸುವ ಗದ್ದಲವೂ ಅಲ್ಲಿಗೇ ಬಂದು ಸೇರುತ್ತದೆ. ಡಿಸ್ಕ್ ಚುಚ್ಚಿದಾಗ ಮಾತ್ರ ಹೆಡ್‌ಸೆಟ್ ತಡವರಿಸುತ್ತಿದ್ದರೆ ಡಿಸ್ಕನ್ನು ಒಂದು ಮೊಳ ಆಚೆ ಇಟ್ಟು ನೋಡಿ.

ಗೇಟ್‌ವೇ ಸಮನಾಗಿ 2-4 ಮಿಲಿಸೆಕೆಂಡ್ ಕೊಟ್ಟು, 8.8.8.8ಕ್ಕೆ ಮಾತ್ರ ಉತ್ತರ ತಪ್ಪುತ್ತಿದ್ದರೆ ರೂಟರ್ ಬದಲಿಸಿ ದುಡ್ಡು ಕಳೆಯಬೇಡಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದೆಯೇ, ಹಳದಿ ತಂತಿ ಬಾಗಿಲ ಸಂದಿಯಲ್ಲೋ ಮೊಳೆಯ ಮೇಲೋ ಮಡಚಿಕೊಂಡಿದೆಯೇ ನೋಡಿ. ಕಿರುಬೆರಳಿನಷ್ಟು ಸಣ್ಣ ಸುತ್ತು ಹಾಕಿದರೂ ಒಳಗಿನ ಬೆಳಕು ಸೋರಿಹೋಗುತ್ತದೆ. ತಂತಿ ಸಡಿಲ ಮಾಡಿಯೂ ಸರಿಹೋಗದಿದ್ದರೆ ಎರಡೂ ಪಿಂಗ್‌ಗಳ ಸ್ಕ್ರೀನ್‌ಶಾಟ್ ಜೊತೆಗೆ ದೂರು ಕೊಡಿ. ‘ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್’ ಎಂಬ ಮೊದಲ ಸುತ್ತು ಅಲ್ಲಿಗೆ ತಪ್ಪುತ್ತದೆ.